ಫೋನಿಗೆ ಉತ್ತರ ಗೊತ್ತಿಲ್ಲದ ಕಲ್ಲು

ಶಾಲೆಗಳಲ್ಲಿ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಸಮಯ ಬಂತೆಂದರೆ ಝೆರಾಕ್ಸ್ ಅಂಗಡಿಗಳ ಮುಂದೆ ನಮ್ಮ ಮಕ್ಕಳು ಸಾಲಾಗಿ ನಿಂತಿರುತ್ತಾರೆ. ಕೈಯಲ್ಲೊಂದು ಚೀಟಿ. ಅದರಲ್ಲಿ ಹೊಯ್ಸಳರು, ಜಲಮಾಲಿನ್ಯ, ಸೌರವ್ಯೂಹ, ಹೀಗೆ ಏನೋ ಒಂದು. ಅಂಗಡಿಯವರು ಗೂಗಲ್‌ನಲ್ಲಿ ಹುಡುಕಿ ನಾಲ್ಕು ಹಾಳೆ ಕಲರ್ ಪ್ರಿಂಟ್ ತೆಗೆದು, ಸ್ಪೈರಲ್ ಹಾಕಿ, ಮೇಲೆ ಮಗುವಿನ ಹೆಸರು ಬರೆದು ಕೊಡುತ್ತಾರೆ. ಪ್ರಾಜೆಕ್ಟ್ ಮುಗಿಯಿತು. ಹಳೇಬೀಡಿಗೆ ಇಷ್ಟು ಹತ್ತಿರವಿರುವ ಮಗು ಹೊಯ್ಸಳೇಶ್ವರ ದೇವಸ್ಥಾನದ ಫೋಟೊವನ್ನು ಎಲ್ಲಿಂದಲೋ ಇಳಿಸಿಕೊಂಡು ಅಂಟಿಸುತ್ತದೆ. ಅಪ್ಪನ ಜೇಬಿನಿಂದ ನೂರು ರೂಪಾಯಿ ಹೋಗುತ್ತದೆ. ಮಗುವಿನ ತಲೆಯೊಳಗೆ ಏನೂ ಹೋಗುವುದಿಲ್ಲ.

ನಾನು ಜಾವಗಲ್ ಕಡೆಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಆರು, ಏಳು, ಎಂಟನೇ ತರಗತಿ. ಶಾಲೆಯಲ್ಲಿರುವುದು ಹಳೆಯ ವಿದ್ಯಾರ್ಥಿಗಳು ಕೊಡಿಸಿದ ಒಂದು ಕಂಪ್ಯೂಟರ್, ಎರಡು ಟ್ಯಾಬ್, ಮತ್ತೆ ನಮ್ಮ ನಮ್ಮ ಫೋನು. ನೆಟ್‌ವರ್ಕ್ ನೀರಿನ ಟ್ಯಾಂಕಿನ ಹತ್ತಿರ ಹೋದರೆ ಸಿಗುತ್ತದೆ, ಕ್ಲಾಸಿನೊಳಗೆ ಸಿಗುವುದಿಲ್ಲ. ಇಷ್ಟರಲ್ಲೇ ಮಕ್ಕಳ ಕೈಯಲ್ಲಿ ಏನು ಮಾಡಿಸಬಹುದು ಎಂದು ತುಂಬ ಯೋಚಿಸಿದ್ದೇನೆ. ಕೊನೆಗೆ ನನಗೆ ಗಟ್ಟಿಯಾದದ್ದು ಒಂದೇ ಮಾತು: ಫೋನಿಗೆ ಮೊದಲೇ ಉತ್ತರ ಗೊತ್ತಿರುವ ಪ್ರಶ್ನೆಯನ್ನು ಮಕ್ಕಳಿಗೆ ಪ್ರಾಜೆಕ್ಟ್ ಎಂದು ಕೊಡಬಾರದು. ಹೊಯ್ಸಳರ ಬಗ್ಗೆ ಬರೆಯಿರಿ ಎಂದರೆ ಫೋನು ಪುಟಗಟ್ಟಲೆ ಬರೆದುಕೊಡುತ್ತದೆ. ಈಗಂತೂ ಬಾಯಲ್ಲಿ ಕೇಳಿದರೆ ಸಾಕು, ಪ್ರಬಂಧವೇ ಬಂದುಬಿಡುತ್ತದೆ. ಆದರೆ ನಮ್ಮೂರ ಕೆರೆ ಏರಿ ಮೇಲೆ, ಹೊಂಗೆ ಮರದ ಬುಡದಲ್ಲಿ, ಅರ್ಧ ಹೂತು ನಿಂತಿರುವ ಕಲ್ಲಿನಲ್ಲಿ ಏನು ಕೆತ್ತಿದೆ ಎಂದು ಅದನ್ನು ಕೇಳಿ ನೋಡಿ.

ಏಳನೇ ತರಗತಿಯವರು ಕೇಳಿಯೇ ನೋಡಿದರು. ಗೂಗಲ್ ಲೆನ್ಸ್ ಹಿಡಿದಾಗ ಅದು ಇದೇ ಥರದ ಬೇರೆ ಬೇರೆ ಕಲ್ಲುಗಳ ಚಿತ್ರ ತಂದು ಸುರಿಯಿತು. ನಮ್ಮ ಕಲ್ಲಿನ ಬಗ್ಗೆ ಒಂದಕ್ಷರವೂ ಇಲ್ಲ. ಆ ಹೊತ್ತಿಗೆ ಮಕ್ಕಳ ಮುಖದಲ್ಲಿ ಬಂದ ಗೆಲುವನ್ನು ನಾನು ಬೇರೆ ಯಾವ ಪಾಠದಲ್ಲೂ ಕಂಡಿಲ್ಲ. "ಹಂಗಾದ್ರೆ ನಾವೇ ಹೇಳ್ಬೇಕಲ್ವಾ ಮಿಸ್?" ಎಂದಳು ಒಬ್ಬಳು. ಹೌದಮ್ಮ, ನೀವೇ ಹೇಳಬೇಕು.

ಅದೊಂದು ವೀರಗಲ್ಲು. ನಮ್ಮ ಕಡೆ ಇವು ಇಲ್ಲದ ಊರು ಕಡಿಮೆ. ಸಾಮಾನ್ಯವಾಗಿ ಮೂರು ಅಂಕಣ ಇರುತ್ತವೆ. ಕೆಳಗೆ ಹೋರಾಟ, ನಡುವೆ ಸತ್ತ ವೀರನನ್ನು ಅಪ್ಸರೆಯರು ಮೇಲಕ್ಕೆ ಒಯ್ಯುವುದು, ಮೇಲೆ ಅವನು ಶಿವಲಿಂಗದ ಎದುರು ಕುಳಿತಿರುವುದು. ತುದಿಯಲ್ಲಿ ಸೂರ್ಯ ಚಂದ್ರ, ಅವರಿರುವ ತನಕ ಈ ಹೆಸರೂ ಇರಲಿ ಎಂದು. ಅಂಕಣಗಳ ನಡುವಿನ ಪಟ್ಟಿಯಲ್ಲಿ ಕೆಲವು ಕಲ್ಲುಗಳಲ್ಲಿ ಬರಹ ಇರುತ್ತದೆ, ಹಲವು ಕಲ್ಲುಗಳಲ್ಲಿ ಇರುವುದಿಲ್ಲ. ನಮ್ಮದರಲ್ಲಿ ಇದೆ. ಇದೆ ಎಂದು ಊರಲ್ಲಿ ಎಲ್ಲರೂ ಹೇಳುತ್ತಿದ್ದರು, ಓದಿದವರನ್ನು ಮಾತ್ರ ನಾನು ಕಂಡಿರಲಿಲ್ಲ. ಸವೆದುಹೋಗಿದೆ, ಮೇಲೆ ಎಣ್ಣೆ, ಕುಂಕುಮ, ಪಾಚಿ. ಸುಮ್ಮನೆ ನಿಂತು ನೋಡಿದರೆ ಒರಟು ಕಲ್ಲಷ್ಟೇ ಕಾಣುತ್ತದೆ.

ಶಾಸನ ಓದುವವರ ಹಳೆಯ ಉಪಾಯ ಒಂದಿದೆ. ಬೆಳಕನ್ನು ಕಲ್ಲಿನ ಎದುರಿನಿಂದ ಬಿಡಬಾರದು, ಪಕ್ಕದಿಂದ, ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವ ಹಾಗೆ ಬಿಡಬೇಕು. ಆಗ ಕೂದಲೆಳೆಯಷ್ಟು ಆಳದ ಗೀರಿನಲ್ಲೂ ನೆರಳು ಕೂರುತ್ತದೆ. ರಾತ್ರಿಯಾದರೆ ಟಾರ್ಚ್ ಸಾಕು. ಹಗಲಿನಲ್ಲಿ ಟಾರ್ಚಿನ ಬೆಳಕು ಬಿಸಿಲಿನ ಮುಂದೆ ನಿಲ್ಲುವುದಿಲ್ಲ. ನಮ್ಮ ಕಲ್ಲಿನ ಮುಖ ಬಡಗಕ್ಕೆ. ನಮ್ಮ ಅಕ್ಷಾಂಶದಲ್ಲಿ ಬಡಗಣ ಮುಖಕ್ಕೆ ನಡುಹಗಲ ಬಿಸಿಲು ಬೀಳುವುದು ಬೇಸಿಗೆಯ ಕೊನೆ ಮತ್ತು ಮಳೆಗಾಲದ ಮೊದಲ ತಿಂಗಳುಗಳಲ್ಲಿ ಮಾತ್ರ, ಉಳಿದ ಕಾಲದಲ್ಲಿ ಅದು ಹೆಚ್ಚಾಗಿ ನೆರಳಲ್ಲೇ ಇರುತ್ತದೆ. ಇದನ್ನು ಪಾಠವಾಗಿ ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ. ಕಲ್ಲಿನ ಮುಂದೆ ನಿಂತು ಬಿಸಿಲು ಯಾಕೆ ಬೀಳುತ್ತಿಲ್ಲ ಎಂದು ಅವರೇ ಕೇಳಿದರು.

ಬಿಸಿಲು ಬೀಳದಿದ್ದರೆ ಬಿಸಿಲನ್ನು ಕರೆದು ತರಬೇಕು. ಬಿಸಿಯೂಟದ ಸ್ಟೀಲ್ ತಟ್ಟೆ ತಂದರು. ಗುಳಿಗಳಿರುವ ತಟ್ಟೆ ಆಗುವುದಿಲ್ಲ, ಬೆಳಕು ಚೂರು ಚೂರಾಗುತ್ತದೆ. ತಳ ಸಮತಟ್ಟಾಗಿರುವ ತಟ್ಟೆಯ ಹಿಂಬದಿಯನ್ನು ಉಜ್ಜಿ ಹೊಳಪು ಮಾಡಿ, ಏರಿಯ ಬಿಸಿಲಲ್ಲಿ ಒಬ್ಬ ನಿಂತು, ಬೆಳಕನ್ನು ಓರೆಯಾಗಿ ಕಲ್ಲಿನ ಮೇಲೆ ಬಿಟ್ಟ. ತಟ್ಟೆ ಸ್ವಲ್ಪ ಅಲ್ಲಾಡಿದರೂ ಬೆಳಕಿನ ಪಟ್ಟಿ ಜಾರಿಹೋಗುತ್ತಿತ್ತು. ಇನ್ನೊಬ್ಬಳು ಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತು "ಮೇಲಕ್ಕೆ, ಇನ್ನೂ ಸ್ವಲ್ಪ, ಅಲ್ಲೇ ಇರ್ಲಿ" ಎನ್ನುತ್ತಿದ್ದಳು. ಅಷ್ಟರಲ್ಲಿ ಅವಳೇ ಕೂಗಿದಳು, "ಮಿಸ್, ಅಕ್ಷರ ಎದ್ ಬಂದ್ವು!"

ನಿಜವಾಗಿಯೂ ಎದ್ದು ಬಂದವು. ಮೊದಲು ಒಂದು ಗೆರೆ, ಆಮೇಲೆ ಅದರ ಪಕ್ಕ ಒಂದು ಸುತ್ತು, ಆಮೇಲೆ ಪೂರ್ತಿ ಪಟ್ಟಿಯೇ. ಕೆಳಗಿನ ಅಂಕಣದಲ್ಲಿ ದನಗಳ ಗುಂಪಿದೆ ಎಂದು ಗೊತ್ತಿತ್ತು, ಆದರೆ ಆ ಗುಂಪಿನ ಹಿಂದೆ ಒಂದು ಕರು ಇದೆ ಎಂದು ಅದುವರೆಗೆ ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಹೆಬ್ಬೆರಳಿನಷ್ಟು ಕರು, ಕತ್ತು ತಿರುಗಿಸಿ ಹಿಂದಕ್ಕೆ ನೋಡುತ್ತಿದೆ.

ಒಂದೇ ಜಾಗದಿಂದ, ಫೋನನ್ನು ಇಟ್ಟಿಗೆ ಮೇಲೆ ಅಲ್ಲಾಡದಂತೆ ನಿಲ್ಲಿಸಿ, ಬೆಳಕನ್ನು ಮಾತ್ರ ಬೇರೆ ಬೇರೆ ಕಡೆಯಿಂದ ಬಿಟ್ಟು ಫೋಟೊ ತೆಗೆದೆವು. ಎಡದಿಂದ ಬಿಟ್ಟಾಗ ಕಾಣುವ ಗೆರೆ ಬಲದಿಂದ ಬಿಟ್ಟಾಗ ಕಾಣುವುದಿಲ್ಲ, ಅದಕ್ಕೇ ಎಲ್ಲ ಕಡೆಯಿಂದಲೂ ಬೇಕು. ಮರುದಿನ ಕಂಪ್ಯೂಟರಿನಲ್ಲಿ ಬಣ್ಣ ತೆಗೆದು, ಕಾಂಟ್ರಾಸ್ಟ್ ಏರಿಸಿ, ಕಪ್ಪನ್ನು ಬಿಳಿ ಮಾಡಿ ನೋಡಿದರು. ಶಾಸನದ ಮೇಲೆ ಸೀಮೆಸುಣ್ಣ ತಿಕ್ಕುವುದು, ಮೊಳೆಯಿಂದ ಅಕ್ಷರ ಕೆದಕುವುದು, ಬಣ್ಣ ಬಳಿಯುವುದು ನಮ್ಮಲ್ಲಿ ಇನ್ನೂ ನಡೆಯುತ್ತಿದೆ. ದಯವಿಟ್ಟು ಯಾರೂ ಮಾಡಬೇಡಿ. ಕಲ್ಲು ಅದರಿಂದ ಇನ್ನಷ್ಟು ಸವೆಯುತ್ತದೆ, ತಪ್ಪಾಗಿ ತಿಕ್ಕಿದ ಗೆರೆ ಮುಂದೆ ಓದುವವರ ದಾರಿ ತಪ್ಪಿಸುತ್ತದೆ. ಬೆಳಕಿನಿಂದ ಕಲ್ಲಿಗೆ ಏನೂ ಆಗುವುದಿಲ್ಲ. ಕುಂಕುಮವನ್ನೂ ನಾವು ಒರೆಸಲಿಲ್ಲ, ಅದು ಊರವರದು.

ಹೊಯ್ಸಳರ ಕಾಲದ ಕನ್ನಡ ಲಿಪಿ ನಾವು ಅಂದುಕೊಳ್ಳುವಷ್ಟು ದೂರದ್ದಲ್ಲ. ಗ, ರ, ನ, ಲ ಮೊದಲಾದವನ್ನು ಮಕ್ಕಳು ತಾವೇ ಗುರುತಿಸಿದರು. ಶಾಸನಗಳು ಬಹಳಷ್ಟು ಸಲ "ಸ್ವಸ್ತಿ" ಎಂದು ಶುರುವಾಗುತ್ತವೆ ಎಂಬ ಒಂದು ಸುಳಿವನ್ನಷ್ಟೇ ನಾನು ಕೊಟ್ಟೆ. ಅಲ್ಲಿಂದ ಒಂದೊಂದೇ ಅಕ್ಷರ ಹಾಳೆಯಲ್ಲಿ ಬರೆದುಕೊಂಡು, ಗೊತ್ತಾಗದ ಕಡೆ ಚುಕ್ಕಿ ಇಟ್ಟರು. 'ತುಱು' (ಎಂದರೆ ದನ) ಎಂಬಲ್ಲಿ ಬಂದು ನಿಂತರು. ಅದರ ಎರಡನೆಯ ಅಕ್ಷರ ಅವರ ವರ್ಣಮಾಲೆಯಲ್ಲಿ ಇಲ್ಲ. ಟೈಪ್ ಮಾಡುವಾಗ ಯೂನಿಕೋಡಿನಲ್ಲಿ ಱ ಮತ್ತು ೞ ಎರಡೂ ಇವೆ ಎಂದು ತೋರಿಸಿದೆ. ಎಂಟನೇ ತರಗತಿಯ ಹುಡುಗನೊಬ್ಬ ಆವತ್ತಿನಿಂದ ತನ್ನ ನೋಟ್ ಪುಸ್ತಕದ ಮೇಲೆಲ್ಲ ಱ ಬರೆದುಕೊಂಡಿದ್ದಾನೆ.

ಅವರು ಓದಿ ಮುಗಿಸಿದ ಮೇಲೆಯೇ ನಾನು ಪುಸ್ತಕ ತೋರಿಸಿದ್ದು. ಈ ಕ್ರಮ ಮುಖ್ಯ ಎಂದು ನನಗನ್ನಿಸುತ್ತದೆ, ಪುಸ್ತಕ ಮೊದಲು ಬಂದರೆ ಕಣ್ಣು ಕೆಲಸ ಮಾಡುವುದಿಲ್ಲ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 5ನೇ ಸಂಪುಟ ಹಾಸನ ಜಿಲ್ಲೆಯದು, 1902ರಲ್ಲಿ ಬಂದದ್ದು. ಇಂಟರ್ನೆಟ್ ಆರ್ಕೈವ್‌ನಲ್ಲಿ ಅದು ಉಚಿತವಾಗಿ ಸಿಗುತ್ತದೆ. ಶಾಸನಗಳು ತಾಲೂಕುವಾರು, ಊರಿನ ಹೆಸರಿನ ಸಮೇತ ಇವೆ. ಕನ್ನಡದ ಪಾಠವೂ ಇದೆ, ರೋಮನ್ ಲಿಪಿಯೂ ಇದೆ, ಇಂಗ್ಲಿಷ್ ಅನುವಾದವೂ ಇದೆ. ರೈಸ್ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು, ಮೂಲತಃ ಶಿಕ್ಷಣ ಇಲಾಖೆಯವರು. ಶಾಲೆಗಳ ತಪಾಸಣೆಗೆಂದು ಊರೂರು ಸುತ್ತುವಾಗ ಶಾಸನಗಳ ನಂಟು ಬೆಳೆಸಿಕೊಂಡರು. ಇದನ್ನು ಹೇಳಿದಾಗ ಮಕ್ಕಳಿಗೆ ತುಂಬ ಖುಷಿಯಾಯಿತು. ಶಾಲೆ ನೋಡಲು ಬಂದವರು ಕಲ್ಲು ನೋಡಿಕೊಂಡು ಹೋದರಲ್ಲ!

ಪುಟ ತಿರುಗಿಸುತ್ತ ನಮ್ಮೂರಿನ ಹೆಸರು ಸಿಕ್ಕಿದಾಗ ಕಂಪ್ಯೂಟರಿನ ಸುತ್ತ ಉಸಿರಾಡಲು ಜಾಗವಿರಲಿಲ್ಲ. ತಮ್ಮ ಹಾಳೆಯನ್ನು ಅದರ ಪಕ್ಕ ಹಿಡಿದು ಒಂದೊಂದೇ ಅಕ್ಷರ ತಾಳೆ ನೋಡಿದರು. ಹಲವು ಸರಿಯಾಗಿದ್ದವು, ಕೆಲವು ತಪ್ಪಿದ್ದವು. ಅವರು ಚುಕ್ಕಿ ಇಟ್ಟ ಎರಡು ಕಡೆ ಪುಸ್ತಕದಲ್ಲಿ ಅಕ್ಷರವಿದೆ. ಅಂದರೆ ಇಷ್ಟು ವರ್ಷಗಳಲ್ಲಿ ಆ ಅಕ್ಷರಗಳು ಕಲ್ಲಿನಿಂದ ಅಳಿದುಹೋಗಿವೆ. ಪುಸ್ತಕದಲ್ಲಿ ಕರುವಿನ ಮಾತಿಲ್ಲ. "ಅದನ್ನ ನಾವು ಬರೀಬೇಕು" ಎಂದು ಅವರೇ ನಿರ್ಧರಿಸಿದರು. ಶಕವರ್ಷಕ್ಕೆ 78 ಕೂಡಿಸಿ ಇಸವಿ ತೆಗೆಯುವ ಲೆಕ್ಕ ಯಾರೂ ಮರೆತಿಲ್ಲ ಈಗ. ಪರೀಕ್ಷೆಗೆಂದು ಕಲಿಸಿದ್ದರೆ ಮರೆಯುತ್ತಿದ್ದರು.

ಆ ಕರುವಿನಿಂದಲೇ ಸಿನಿಮಾ ಹುಟ್ಟಿತು.

ಸ್ಟಾಪ್ ಮೋಷನ್ ಎಂದರೆ ಗೊಂಬೆಯನ್ನು ಒಂದು ಚೂರು ಸರಿಸಿ ಒಂದು ಫೋಟೊ, ಇನ್ನೊಂದು ಚೂರು ಸರಿಸಿ ಇನ್ನೊಂದು ಫೋಟೊ. ಎಲ್ಲವನ್ನೂ ಬೇಗ ಬೇಗ ತೋರಿಸಿದರೆ ಗೊಂಬೆ ನಡೆಯುತ್ತದೆ. ಉಚಿತ ಆಪ್‌ಗಳಿವೆ, ನೆಟ್ ಬೇಕಿಲ್ಲ. ಸಿನಿಮಾಗೆ ಸೆಕೆಂಡಿಗೆ 24 ಚಿತ್ರ, ನಮಗೆ 12 ಸಾಕು. ಇಪ್ಪತ್ತು ಸೆಕೆಂಡಿಗೆ 240 ಫೋಟೊ. ಈ ಗುಣಾಕಾರವನ್ನು ಬೋರ್ಡಿನ ಮೇಲೆ ಬರೆದಾಗ ಮಕ್ಕಳು ಹೆದರಿದರು, ಆಮೇಲೆ ಕಥೆಯನ್ನು ತಾವೇ ಚಿಕ್ಕದು ಮಾಡಿದರು. ಕಥೆ ಕತ್ತರಿಸುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಒಂದು ಅನವಶ್ಯಕ ದೃಶ್ಯ ಇಟ್ಟುಕೊಂಡರೆ ಬೆನ್ನು ಬಗ್ಗಿಸಿ ಅರವತ್ತು ಸಲ ಹಸು ಸರಿಸಬೇಕು.

ಮಣ್ಣು ಕೆರೆಯದು. ಹಬ್ಬಕ್ಕೆ ಗಣಪತಿ ಮಾಡಲು ತೆಗೆಯುತ್ತಾರಲ್ಲ, ಅದೇ ಅಂಟು ಮಣ್ಣು. ಹಸುವಿನ ಕಾಲು ಮುರಿಯದಿರಲೆಂದು ಒಳಗೆ ತೆಂಗಿನ ಗರಿಯ ಕಡ್ಡಿ ಇಟ್ಟರು. ಸಂಜೆ ಒದ್ದೆ ಬಟ್ಟೆ ಹೊದಿಸಿ ಹೋಗುತ್ತಿದ್ದರು, ಇಲ್ಲದಿದ್ದರೆ ಬೆಳಿಗ್ಗೆಗೆ ಬಿರುಕು. ಕಿಟಕಿಯ ಬೆಳಕಲ್ಲಿ ತೆಗೆದರೆ ಮೋಡ ಬಂದಾಗಲೆಲ್ಲ ಚಿತ್ರ ಮಿಣುಕುತ್ತದೆ ಎಂದು ನೋಡಿಕೊಂಡು, ಕಿಟಕಿ ಮುಚ್ಚಿ ಬಲ್ಬಿನ ಬೆಳಕಲ್ಲಿ ತೆಗೆದರು. ಕರೆಂಟ್ ಹೋದರೆ ಎಲ್ಲ ಗೊಂಬೆಗಳೂ ಇದ್ದಲ್ಲೇ ಇರಬೇಕು, ಯಾರೂ ಮುಟ್ಟುವಂತಿಲ್ಲ. ಎಷ್ಟನೇ ಫೋಟೊ ಎಂದು ಬರೆದಿಡಲು ಒಬ್ಬಳು ನೋಟ್ ಪುಸ್ತಕ ಹಿಡಿದು ಕೂತಿರುತ್ತಿದ್ದಳು. ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿ ಅವಳು, ಅಲ್ಲಿ ಅವಳ ಮಾತಿಗೆ ಎಲ್ಲರೂ ತಲೆಬಾಗಬೇಕಿತ್ತು.

ಕಥೆ ಸರಳ. ದನ ಹೊಡೆದುಕೊಂಡು ಹೋಗಲು ಬಂದವರು, ತಡೆಯಲು ಹೋದ ಊರ ಗಂಡಸು, ಅವನ ಸಾವು. ಬಂದವರ ಗೊಂಬೆ ಮಾಡುವಾಗ ಎಲ್ಲರೂ ಅವರಿಗೆ ಕೋರೆಹಲ್ಲು ಇಡಲು ಹೊರಟಿದ್ದರು. ಆಗ ಒಬ್ಬ ಹುಡುಗ ಕೇಳಿದ: "ಅವ್ರಲ್ಲೂ ಯಾರಾದ್ರೂ ಸತ್ತಿದ್ರೆ, ಅವ್ರೂರಲ್ಲಿ ಅವ್ರಿಗೂ ವೀರಗಲ್ಲು ನಿಲ್ಸಿರ್ತಾರಲ್ವಾ ಮಿಸ್?"

ನಾನು ಉತ್ತರ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಆ ದಿನದ ಉಳಿದ ಹೊತ್ತೆಲ್ಲ ಅವರಲ್ಲೇ ಜಗಳ ನಡೆಯಿತು. ಕೊನೆಗೆ ಕೋರೆಹಲ್ಲು ಹೋಯಿತು. ಸಿನಿಮಾ ಈಗ ಎರಡು ಕಲ್ಲುಗಳಿಂದ ಮುಗಿಯುತ್ತದೆ, ಒಂದು ಈ ಊರಲ್ಲಿ, ಒಂದು ಆ ಊರಲ್ಲಿ, ಎರಡರ ನಡುವೆ ಕರು. ಸಮಾಜ ವಿಜ್ಞಾನದ ಯಾವ ಪಾಠದ ಕೊನೆಯ ಪ್ರಶ್ನೆಗಳಲ್ಲೂ ಈ ಪ್ರಶ್ನೆ ನನಗೆ ಸಿಕ್ಕಿಲ್ಲ. ಫೋನು ಅದನ್ನು ಕೇಳಲಿಲ್ಲ, ಮಣ್ಣು ಕೈಯಲ್ಲಿದ್ದ ಹುಡುಗ ಕೇಳಿದ. ಆದರೆ ಫೋನಿನಲ್ಲಿ ಸಿನಿಮಾ ಮಾಡುತ್ತೇವೆ ಎಂಬ ಆಸೆ ಇಲ್ಲದಿದ್ದರೆ ಅವನ ಕೈಗೆ ಆ ಗೊಂಬೆ ಬರುತ್ತಲೇ ಇರಲಿಲ್ಲ.

ಕೊನೆಯಲ್ಲಿ ಎಲ್ಲರ ಹೆಸರು ಬರಬೇಕು ಎಂಬುದು ನನ್ನ ಹಟ. ಬೇಲೂರಿನಲ್ಲಿ ದಾಸೋಜ, ಅವನ ಮಗ ಚಾವಣ ತಮ್ಮ ಕೆತ್ತನೆಯ ಕೆಳಗೆ ಹೆಸರು ಬರೆದುಕೊಂಡಿದ್ದಾರೆ. ನಮ್ಮ ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಸ್ಥಾನದಲ್ಲಿ ಮಲ್ಲಿತಮ್ಮ ಕೆಲಸ ಮಾಡಿದ್ದಾನೆ, ಅವನ ಹೆಸರು ಸೋಮನಾಥಪುರದಲ್ಲೂ ಸಿಗುತ್ತದೆ. ಮಾಡಿದವರು ಹೆಸರು ಹಾಕುವುದು ಈ ನೆಲದ ರೂಢಿ. ತಟ್ಟೆ ಹಿಡಿದವನ ಹೆಸರು 'ಬೆಳಕು' ಎಂಬುದರ ಮುಂದೆ ಬಂದಿದೆ.

ಧ್ವನಿಯ ಕೆಲಸದ ಬಗ್ಗೆಯೂ ಹೇಳಬೇಕು. ಆ ಕಲ್ಲಿಗೆ ದಿನವೂ ಹೂ ಇಡುವ ಅಜ್ಜಿಯೊಬ್ಬರಿದ್ದಾರೆ. ಅವರ ಪ್ರಕಾರ ಆ ವೀರ ಸತ್ತದ್ದು ದನಕ್ಕಾಗಿ ಅಲ್ಲ, ಒಡೆಯುತ್ತಿದ್ದ ಕೆರೆ ಏರಿಗೆ ಅಡ್ಡ ನಿಂತು. ಮಕ್ಕಳು ಅದನ್ನು ರೆಕಾರ್ಡ್ ಮಾಡಿಕೊಂಡು ಬಂದು ಗೊಂದಲಕ್ಕೆ ಬಿದ್ದರು, ಯಾವುದು ಸರಿ ಎಂದು. ಎರಡನ್ನೂ ಇಡಿ ಎಂದೆ. "ಕಲ್ಲಿನಲ್ಲಿ ಇರುವುದು ಹೀಗೆ, ಅಜ್ಜಿ ಹೇಳುವುದು ಹೀಗೆ" ಎಂದು ಬೇರೆ ಬೇರೆಯಾಗಿ ಹೇಳಿದರೆ ಆಯಿತು. ಕೆರೆಯ ಗಾಳಿಗೆ ರೆಕಾರ್ಡಿಂಗ್ ಹಾಳಾಗುತ್ತದೆ. ಮೈಕಿನ ತೂತಿನ ಮೇಲೆ ತೆಳು ಕರವಸ್ತ್ರ ಕಟ್ಟಿದರೆ ಎಷ್ಟೋ ವಾಸಿ. ಮಕ್ಕಳ ಮಾತನ್ನು ತರಗತಿಯ ಮೂಲೆಯಲ್ಲಿ, ಹಿಂದೆ ಜಮಖಾನ ಇಳಿಬಿಟ್ಟು ತೆಗೆದೆವು, ಗೋಡೆಯ ಪ್ರತಿಧ್ವನಿ ನಿಂತಿತು. ಕತ್ತರಿಸಿ ಜೋಡಿಸಲು ಆಡಾಸಿಟಿ ಎಂಬ ಉಚಿತ ತಂತ್ರಾಂಶ.

ಎರಡು ನಿಮಿಷದ ಆ ಧ್ವನಿಗೆ ಕ್ಯೂಆರ್ ಕೋಡ್ ಮಾಡಿ, ಲ್ಯಾಮಿನೇಟ್ ಮಾಡಿಸಿ, ಹಾಲಿನ ಡೇರಿಯ ಗೋಡೆಗೆ ಅಂಟಿಸಿದ್ದೇವೆ. ಕಲ್ಲಿಗಲ್ಲ. ಬೆಳಿಗ್ಗೆ ಸಂಜೆ ಊರವರು ಕ್ಯಾನ್ ಹಿಡಿದು ನಿಲ್ಲುವ ಜಾಗ ಅದು, ಅಲ್ಲಿ ನೆಟ್‌ವರ್ಕೂ ಸಿಗುತ್ತದೆ. ಅಂಗಡಿಯಲ್ಲಿ ದುಡ್ಡು ಕೊಡಲು ಹಿಡಿಯುವ ಚೌಕವನ್ನೇ ತಾವೂ ಮಾಡಬಹುದು ಎಂಬುದು ಮಕ್ಕಳಿಗೆ ನಂಬಲಾಗದ ಸಂಗತಿಯಾಗಿತ್ತು. ಜಪಾನಿನ ಡೆನ್ಸೊ ವೇವ್ ಕಂಪನಿಯಲ್ಲಿ 1994ರಲ್ಲಿ ರೂಪುಗೊಂಡದ್ದು ಅದು, ಕಾರ್ಖಾನೆಯ ಬಿಡಿಭಾಗಗಳ ಲೆಕ್ಕಕ್ಕೆ. ಮೂರು ಮೂಲೆಯ ಚೌಕಗಳಿಂದ ಫೋನು ಅದರ ದಿಕ್ಕು ತಿಳಿಯುತ್ತದೆ. ನಡುವೆ ಸ್ವಲ್ಪ ಅಳಿಸಿದರೂ ಓದುತ್ತದೆ, ಯಾಕೆಂದರೆ ಮಾಹಿತಿಯನ್ನು ತಿದ್ದಿಕೊಳ್ಳಲು ಬೇಕಾದಷ್ಟು ಹೆಚ್ಚುವರಿ ಅದರಲ್ಲೇ ಇರುತ್ತದೆ. ಒಬ್ಬ ಬೆರಳಿಟ್ಟು ಪರೀಕ್ಷೆ ಮಾಡಿ, "ನಮ್ ಕಲ್ಲಿಗೂ ಹಿಂಗಿದ್ದಿದ್ರೆ" ಎಂದ.

ಒಂದು ವಿಷಯದಲ್ಲಿ ಮಾತ್ರ ನಾನು ಬಹಳ ಬಿಗಿ. ಕಲ್ಲು ಇರುವ ಜಾಗವನ್ನು ಅಂತರ್ಜಾಲದಲ್ಲಿ ಹಾಕುವುದಿಲ್ಲ. ಫೋಟೊ ತೆಗೆಯುವ ಮೊದಲು ಕ್ಯಾಮೆರಾದ ಲೊಕೇಶನ್ ಆಫ್ ಮಾಡಿಸುತ್ತೇನೆ. ವೀರಗಲ್ಲಿನ ಕೆಳಗೆ ನಿಧಿ ಇದೆ ಎಂದು ರಾತ್ರೋರಾತ್ರಿ ಅಗೆಯುವವರು ನಮ್ಮ ಸೀಮೆಯಲ್ಲಿ ಇಂದಿಗೂ ಇದ್ದಾರೆ. ಜಾಗ, ಅಳತೆ, ಮುಖದ ದಿಕ್ಕು ಎಲ್ಲವೂ ಶಾಲೆಯ ದಪ್ಪ ರಿಜಿಸ್ಟರಿನಲ್ಲಿದೆ. ನೋಡಬೇಕೆನ್ನುವವರು ಊರಿಗೆ ಬರಲಿ, ಮಕ್ಕಳೇ ಕರೆದುಕೊಂಡು ಹೋಗುತ್ತಾರೆ. ಮಕ್ಕಳ ಮುಖವನ್ನೂ ಎಲ್ಲೂ ಹಾಕುವುದಿಲ್ಲ, ಧ್ವನಿ ಸಾಕು.

ಇನ್ನೊಂದು, ಫೋನು ಯಾರ ಕೈಯಲ್ಲಿ ಎಂಬುದು. ಬಿಟ್ಟರೆ ಅದು ಗಂಡುಮಕ್ಕಳ ಕೈಗೆ ಹೋಗಿ ಅಲ್ಲೇ ಉಳಿಯುತ್ತದೆ. ಮನೆಯಲ್ಲೂ ಅಣ್ಣನಿಗೆ ಸಿಗುವ ಫೋನು ತಂಗಿಗೆ ಸಿಗುವುದಿಲ್ಲ. ಅದಕ್ಕೇ ಬೆಳಕು, ಕ್ಯಾಮೆರಾ, ಬರಹ, ಲೆಕ್ಕ ಎಂದು ಕೆಲಸ ಹಂಚಿ ದಿನಕ್ಕೊಮ್ಮೆ ಬದಲಿಸುತ್ತೇನೆ, ಯಾರು ಗೊಣಗಿದರೂ ಸರಿ. ಅಂಕ ಕೊಡುವಾಗ ಸಿನಿಮಾ ಚೆನ್ನಾಗಿದೆಯೇ ಎಂದು ನೋಡುವುದಿಲ್ಲ. ಒಬ್ಬೊಬ್ಬರನ್ನೂ ಕರೆದು ಎರಡು ಪ್ರಶ್ನೆ ಕೇಳುತ್ತೇನೆ: ನೀನು ಕಣ್ಣಾರೆ ಕಂಡದ್ದು ಏನು, ಬೇಡವೆಂದು ಬಿಟ್ಟದ್ದು ಏನು. ಝೆರಾಕ್ಸ್ ಅಂಗಡಿಯಿಂದ ತಂದ ಸ್ಪೈರಲ್ ಪುಸ್ತಕ ಹಿಡಿದು ಈ ಎರಡಕ್ಕೂ ಉತ್ತರ ಹೇಳಲು ಆಗುವುದಿಲ್ಲ.

ಈ ಸಲ ಊರ ಬಾಗಿಲ ಬಳಿಯ ಮಾಸ್ತಿಕಲ್ಲು. ಬಳೆ ತೊಟ್ಟ ಕೈ ಮಾತ್ರ ಎದ್ದು ಕಾಣುತ್ತದೆ, ಉಳಿದದ್ದೆಲ್ಲ ಸುಣ್ಣದ ಪದರದ ಕೆಳಗೆ. ಅದರಲ್ಲಿ ಬರಹವಿಲ್ಲ, ಪುಸ್ತಕದಲ್ಲೂ ಅದು ಇಲ್ಲ. ಸತಿ ಹೋದವಳ ಕಲ್ಲಿನ ಬಗ್ಗೆ ಹನ್ನೆರಡು ಹದಿಮೂರು ವಯಸ್ಸಿನ ಹೆಣ್ಣುಮಕ್ಕಳ ಜೊತೆ ಹೇಗೆ ಮಾತಾಡಬೇಕು ಎಂದು ಯೋಚಿಸುತ್ತಿದ್ದೇನೆ, ಮುಚ್ಚಿಟ್ಟು ಮಾತಾಡುವುದಿಲ್ಲ ಎಂಬುದಷ್ಟು ಖಚಿತ.

ನಿಮ್ಮ ಶಾಲೆಯಲ್ಲೂ ಮಾಡಬೇಕೆನ್ನುವ ಮೇಷ್ಟ್ರು, ಮಿಸ್‌ಗಳಿಗೆ: ಚಿಕ್ಕಮಗಳೂರು ಕಡೆಯವರು ಎಪಿಗ್ರಾಫಿಯಾ ಕರ್ನಾಟಿಕಾದ 6ನೇ ಸಂಪುಟ ಹುಡುಕಿ, 1901ರದ್ದು, ಆಗಿನ ಹೆಸರು ಕಡೂರು ಜಿಲ್ಲೆ. ಫೈಲ್ ದೊಡ್ಡದು, ನೆಟ್‌ವರ್ಕ್ ಚೆನ್ನಾಗಿರುವ ಕಡೆ ಮೊದಲೇ ಇಳಿಸಿಟ್ಟುಕೊಳ್ಳಿ. ಮಕ್ಕಳು ಕಲ್ಲು ಓದಿ ಮುಗಿಸುವ ತನಕ ಅವರಿಗೆ ತೋರಿಸಬೇಡಿ. ತಟ್ಟೆ ಸಮತಟ್ಟಾದದ್ದೇ ಇರಲಿ.